450 ಡರ್ಟ್ ಬೈಕಿಗೆ ಸ್ನೋ ಕಿಟ್ ಹಾಕಿದ್ದೇನೆ, ಆಯಿಲ್ ಬೆಳ್ಳಗಾಗಿದೆ! ಬೆಟ್ಟಕ್ಕೆ ಹೋಗುವ ಮೊದಲು ಇನ್ನೇನು ನೋಡಬೇಕು?

ಮಣ್ಣುಚಕ್ರ

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಮಣ್ಣಿನಲ್ಲೇ ಬಿದ್ದು ಎದ್ದವನು ನಾನು, ಹಿಮದಲ್ಲಿ ಇದೇ ಮೊದಲು. ಬೈಕು 450 ಸಿಸಿ ಫೋರ್ ಸ್ಟ್ರೋಕ್ ಮೋಟೋಕ್ರಾಸ್. ಫ್ಯೂಯಲ್ ಇಂಜೆಕ್ಷನ್, ಸೆಲ್ಫ್ ಸ್ಟಾರ್ಟ್ ಇದೆ, ಕಿಕ್ ಇಲ್ಲ. 2017ರಲ್ಲಿ ಎಕ್ಸ್ ಗೇಮ್ಸ್‌ಗೆ ಸ್ನೋ ಬೈಕ್ ರೇಸ್ ಬಂತಲ್ಲ, ಆ ವಿಡಿಯೊ ನೋಡಿದಾಗ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಕೊನೆಗೂ ಈ ಸಲ ಒಂದು ಸೆಕೆಂಡ್ ಹ್ಯಾಂಡ್ ಕಿಟ್ ಸಿಕ್ಕಿತು, 129 ಇಂಚಿನ ಟ್ರ್ಯಾಕ್.

ಕೂರಿಸುವ ಕೆಲಸ ನಾನು ಹೆದರಿಕೊಂಡಷ್ಟು ಕಷ್ಟ ಆಗಲಿಲ್ಲ. ಹಿಂದಿನ ಚಕ್ರ, ಸ್ವಿಂಗ್‌ಆರ್ಮ್, ಶಾಕ್ ಮೂರನ್ನೂ ಬಿಚ್ಚಿದೆ. ಸ್ವಿಂಗ್‌ಆರ್ಮ್ ಕೂರುತ್ತಿದ್ದ ಬೋಲ್ಟಿಗೆ ಟ್ರ್ಯಾಕಿನ ಟನಲ್ (ಟ್ರ್ಯಾಕನ್ನು ಮೇಲಿಂದ ಮುಚ್ಚುವ ಲೋಹದ ಚೌಕಟ್ಟು), ಶಾಕ್ ಇದ್ದ ಜಾಗಕ್ಕೆ ಸ್ಟ್ರಟ್, ಮುಂದೆ ಚಕ್ರದ ಬದಲು ಸ್ಕೀ. ಒಂದು ಶನಿವಾರ ಸಾಕಾಯಿತು.

ತಲೆನೋವು ಶುರುವಾಗಿದ್ದು ಓಡಿಸಿದ ಮೇಲೆ. ಸಮತಟ್ಟಾದ ಬಯಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಓಡಿಸಿದೆ, ಹೊರಗೆ ಮೈನಸ್ 12 ಇತ್ತು. ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಆದರೆ ಆಮೇಲೆ ಎಷ್ಟು ಹೊತ್ತಾದರೂ ಹದಕ್ಕೆ ಬರಲೇ ಇಲ್ಲ, ಥ್ರಾಟಲ್ ತಿರುಗಿಸಿದರೆ ಕೆಮ್ಮುತ್ತದೆ, ಎರಡು ಸಲ ಆಫ್ ಆಯಿತು. ಗ್ಲೌಸ್ ತೆಗೆದು ರೇಡಿಯೇಟರ್ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಮನೆಗೆ ಬಂದು ಆಯಿಲ್ ನೋಡುವ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದರೆ ಒಳಗೆಲ್ಲ ಬೆಳ್ಳಗೆ, ಹಾಲು ಬೆರೆಸಿದ ಹಾಗೆ. ಎದೆ ಧಸಕ್ ಅಂತು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಆಯಿಲಿಗೆ ಸೇರಿತಾ? ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಇನ್ನೂ 20 ಗಂಟೆ ಕೂಡ ಓಡಿಸಿಲ್ಲ ಮಾರಾಯರೇ.

ಇನ್ನೂ ಒಂದಷ್ಟು ಪ್ರಶ್ನೆ ಇವೆ. ನಾನು ಓಡಿಸಬೇಕು ಅಂದುಕೊಂಡಿರುವ ಜಾಗ 2500ರಿಂದ 3000 ಮೀಟರ್ ಎತ್ತರ, ಪುಡಿ ಹಿಮ, ಮರಗಳ ನಡುವೆ ಕಡಿದಾದ ಏರು. ಅಲ್ಲಿಗೆ ಈ ಪವರ್ ಸಾಕಾ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹಾಕಿಸಬೇಕಾ? ಮುಂದಿನ ಫೋರ್ಕ್ ಮಣ್ಣಿಗೆ ಸೆಟ್ ಮಾಡಿದ್ದು ಹಾಗೇ ಇದೆ, ಅದು ನಡೆಯುತ್ತದಾ? ಏರ್ ಫಿಲ್ಟರ್ ಮಾಮೂಲಿ ಆಯಿಲ್ ಹಾಕಿದ ಫೋಮ್. ಯಾವುದನ್ನು ಮೊದಲು ಮಾಡಬೇಕು ಅಂತ ಹೇಳಿದರೆ ಸಾಕು, ಎಲ್ಲ ಒಟ್ಟಿಗೆ ಮಾಡುವ ಹಾಗಿಲ್ಲ.

ಗ್ರೀಸ್‌ಕೈ

ಗುರು, ಮೊದಲು ಉಸಿರು ಬಿಡು. ನೂರಕ್ಕೆ ತೊಂಬತ್ತು ಭಾಗ ಅದು ಗ್ಯಾಸ್ಕೆಟ್ ಅಲ್ಲ. ಉಳಿದ ಹತ್ತು ಭಾಗಕ್ಕೆ ಈಗಲೇ ಒಂದು ಕೆಲಸ ಮಾಡು: ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ಎಷ್ಟಿದೆ ನೋಡು. ಕಡಿಮೆ ಆಗಿಲ್ಲ ಅಂದರೆ, ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದಾಗ ಗುಳ್ಳೆ ಏಳುತ್ತಾ ಇಲ್ಲ ಅಂದರೆ ಗ್ಯಾಸ್ಕೆಟ್ ಬಗ್ಗೆ ನಿಶ್ಚಿಂತೆಯಾಗಿರು. ಆಮೇಲೆ ಆಯಿಲ್ ಇಳಿಸಿ ಮೂಸಿ ನೋಡು. ಪೆಟ್ರೋಲ್ ವಾಸನೆ ಬಂದೇ ಬರುತ್ತದೆ, ಬೇಕಾದರೆ ಪಂದ್ಯ.

ಆಗಿದ್ದು ಏನು ಅಂದರೆ, ನಿನ್ನ ಎಂಜಿನ್ ಬಿಸಿಯೇ ಆಗಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ. ಎಂಜಿನ್ ಬಿಸಿ ಇದ್ದರೆ ಆ ಆವಿ ಬ್ರೀದರ್ ಪೈಪಿನಿಂದ ಆಚೆ ಹೋಗುತ್ತದೆ. ತಣ್ಣಗಿದ್ದರೆ ಕ್ರ್ಯಾಂಕ್‌ಕೇಸ್ ಗೋಡೆಗೆ ಬೆವರಿನ ಹಾಗೆ ಕೂತು ಆಯಿಲ್ ಜೊತೆ ಕಡೆದು ಬೆಳ್ಳಗಾಗುತ್ತದೆ. ಅದರ ಜೊತೆಗೆ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಬೇರೆ, ಎಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗೆ ಸೇರುತ್ತದೆ. ಕೆಮ್ಮೋದು, ಆಫ್ ಆಗೋದು, ಬಿಳಿ ಆಯಿಲ್, ಮೂರಕ್ಕೂ ಒಂದೇ ಕಾರಣ.

ಮೋಟೋಕ್ರಾಸ್ ಬೈಕುಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟೇ ಇರುವುದಿಲ್ಲ, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ಕವಾಟ. ರೇಡಿಯೇಟರ್ ಎರಡೂ ಬೇಸಿಗೆಯ ಟ್ರ್ಯಾಕಿನಲ್ಲಿ ಎಂಜಿನ್ ಕುದಿಯದಿರಲಿ ಅಂತ ಮಾಡಿದ್ದು. ಅದೇ ಬೈಕನ್ನು ಮೈನಸ್ 12ರಲ್ಲಿ ಬಿಟ್ಟು, ಮೇಲಿಂದ ಸ್ಕೀ ಎಬ್ಬಿಸುವ ಹಿಮವನ್ನು ರೇಡಿಯೇಟರ್ ಮೇಲೆ ಎರಚಿದರೆ ಇನ್ನೇನಾಗುತ್ತದೆ? ಹಾಗಾಗಿ ನಿನ್ನ ಮೊದಲ ಕೆಲಸ ಥರ್ಮೋಸ್ಟಾಟ್. ಟರ್ಬೊ, ಗಿರ್ಬೊ ಎಲ್ಲ ಪಕ್ಕಕ್ಕಿಡು.

ಇಲ್ಲಿ ಒಂದು ಎಚ್ಚರಿಕೆ. ಹೋಸ್ ಕತ್ತರಿಸಿ ಮಧ್ಯದಲ್ಲಿ ಒಂದು ಥರ್ಮೋಸ್ಟಾಟ್ ತುರುಕಿ ಕೈ ತೊಳೆದುಕೊಳ್ಳುವವರಿದ್ದಾರೆ, ನಾನೂ ಮೊದಲ ವರ್ಷ ಹಾಗೇ ಮಾಡಿದ್ದೆ. ಅದು ಮುಚ್ಚಿದಾಗ ನೀರು ಓಡುವುದೇ ನಿಲ್ಲುತ್ತದೆ. ಹೆಡ್ಡಿನಲ್ಲಿ ಕುದಿಯುತ್ತಿದ್ದರೂ ಥರ್ಮೋಸ್ಟಾಟ್ ಹತ್ತಿರದ ನೀರು ತಣ್ಣಗೇ ಇರುವುದರಿಂದ ಅದಕ್ಕೆ ಸುದ್ದಿ ತಲುಪುವುದೇ ಇಲ್ಲ. ತಡವಾಗಿ ತೆರೆಯುತ್ತದೆ, ತೆರೆದ ಕೂಡಲೇ ರೇಡಿಯೇಟರಿನಲ್ಲಿದ್ದ ಐಸಿನಂಥ ನೀರು ಒಮ್ಮೆಲೇ ಬಿಸಿ ಸಿಲಿಂಡರಿಗೆ ನುಗ್ಗುತ್ತದೆ. ಬೈಪಾಸ್ ಇರುವಂಥದ್ದೇ ತಗೊ. ಅದರಲ್ಲಿ ರೇಡಿಯೇಟರ್ ದಾರಿ ಮುಚ್ಚಿದ್ದರೂ ನೀರು ಪಂಪು ಮತ್ತು ಎಂಜಿನ್ ನಡುವೆ ಸಣ್ಣ ಸುತ್ತು ಹೊಡೆಯುತ್ತಲೇ ಇರುತ್ತದೆ, ಬಿಸಿಯಾದ ಹಾಗೆ ಸ್ವಲ್ಪ ಸ್ವಲ್ಪವೇ ರೇಡಿಯೇಟರಿನ ನೀರು ಬೆರೆಯುತ್ತದೆ. ಹ್ಯಾಂಡಲ್ ಮೇಲೆ ಒಂದು ಟೆಂಪರೇಚರ್ ಮೀಟರ್ ಕೂರಿಸು. ಓಡುವಾಗ 70ರಿಂದ 90 ಡಿಗ್ರಿ ಒಳಗಿದ್ದರೆ ಬೇರೆ ಏನೂ ಯೋಚಿಸಬೇಡ.

ರೇಡಿಯೇಟರಿಗೆ ಬರೀ ಕವರ್ ಹಾಕಿದರೆ ಸಾಲದಾ ಅಂತ ಕೇಳುತ್ತೀಯ. ಅರ್ಧ ಸಾಲುತ್ತದೆ. ಏರುವಾಗ ಬಿಸಿ, ಇಳಿಯುವಾಗ ಥಂಡಿ. ಪ್ರತಿ ಸಲ ನಿಲ್ಲಿಸಿ ಕವರ್ ಬಿಚ್ಚಿ ಹಾಕುತ್ತಾ ಕೂರಬೇಕು. ಥರ್ಮೋಸ್ಟಾಟ್ ಇದ್ದ ಮೇಲೆ ಕವರ್ ಕೂಡ ಇರಲಿ, ಅದು ಬೇರೆ ಮಾತು. ಕೂಲಂಟ್ ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಇರಲಿ, ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಬೇಸಿಗೆಯಲ್ಲಿ ರೇಸಿಗೆ ಅಂತ ಬರೀ ನೀರು ಹಾಕಿದ್ದರೆ ಈ ಕ್ಷಣ ಇಳಿಸು, ಎಂಜಿನ್ ಬಿರುಕು ಬಿಡುತ್ತದೆ.

ಆಯಿಲ್ ಬಗ್ಗೆ: ನಿನ್ನ ಬೈಕಿನ ಮ್ಯಾನ್ಯುಯಲ್ ಒಪ್ಪಿದರೆ ಚಳಿಗೆ 0ಡಬ್ಲ್ಯು-40 ಅಥವಾ 5ಡಬ್ಲ್ಯು-40 ಸಿಂಥೆಟಿಕ್. ಮೋಟಾರ್ ಸೈಕಲ್ಲಿನದ್ದೇ ಆಗಿರಲಿ, ಡಬ್ಬದ ಮೇಲೆ ಜಾಸೋ ಎಂಎ2 ಅಂತ ಇರಬೇಕು, ಆಯಿಲಿನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ದರ್ಜೆ ಅದು. ಕಾರಿನ ಆಯಿಲ್ ಹಾಕಿ ಕ್ಲಚ್ ಜಾರಿಸಿಕೊಂಡು ಬೆಟ್ಟದ ಮೇಲೆ ಕೂತವರನ್ನು ನೋಡಿದ್ದೇನೆ. ಈ ಎಂಜಿನ್ನುಗಳಲ್ಲಿ ಆಯಿಲ್ ಹಿಡಿಯುವುದೇ ಒಂದು, ಒಂದೂವರೆ ಲೀಟರ್. ಅಷ್ಟರಲ್ಲಿ ಪೆಟ್ರೋಲು, ನೀರು ಸೇರಿದರೆ ಬೇರಿಂಗಿಗೆ ಏನು ಉಳಿಯುತ್ತದೆ ಹೇಳು. ಈಗ ಇರುವುದನ್ನು ಚೆಲ್ಲು, ಹೊಸದು ಹಾಕುವವರೆಗೆ ಸ್ಟಾರ್ಟ್ ಕೂಡ ಮಾಡಬೇಡ.

ಹಳೇಕಾರ್ಬ್

ಗ್ರೀಸ್‌ಕೈ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆದರೆ ಎಂಜಿನ್ ಬಿಸಿಯಾದರೂ ಉಸಿರಾಡಬೇಕಲ್ಲ, ಆ ಕಡೆ ಯಾರೂ ನೋಡುತ್ತಿಲ್ಲ.

ಆಯಿಲ್ ಹಾಕಿದ ಫೋಮ್ ಮಣ್ಣಿಗೆ ಸರಿ. ಧೂಳು ಆ ಅಂಟಿಗೆ ಹಿಡಿಯುತ್ತದೆ. ಪುಡಿ ಹಿಮವೂ ಹಾಗೇ ಅಂಟುತ್ತದೆ, ಆದರೆ ಧೂಳಿನ ಹಾಗೆ ಸುಮ್ನೆ ಕೂರುವುದಿಲ್ಲ. ಓಡುವಾಗ ತೊಂದರೆ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಓಡಿಸಿ, ನೀರು ಕುಡಿಯೋಕೆ ಅಂತ ಹತ್ತು ನಿಮಿಷ ನಿಲ್ಲಿಸುತ್ತೀರಿ. ಎಂಜಿನ್ ಬಿಸಿಗೆ ಏರ್ ಬಾಕ್ಸಿನ ಹಿಮ ಕರಗಿ ಫೋಮಿಗೆ ಇಳಿಯುತ್ತದೆ, ಆಮೇಲೆ ಅಲ್ಲೇ ಮಂಜುಗಡ್ಡೆ. ಮತ್ತೆ ಸ್ಟಾರ್ಟ್ ಮಾಡಿದರೆ ಬೈಕು ಮೂಗು ಕಟ್ಟಿದವರ ಹಾಗೆ. ನಾನು ಇದನ್ನು ಫ್ಯೂಯಲ್ ಪಂಪ್ ಹೋಗಿದೆ ಅಂದುಕೊಂಡು ಎರಡು ಗಂಟೆ ಹಿಮದಲ್ಲಿ ಕೂತು ಟ್ಯಾಂಕ್ ಬಿಚ್ಚಿದ್ದೇನೆ. ನಗಬೇಡಿ.

ಹಿಮದ ಮೇಲೆ ಧೂಳು ಇರುವುದಿಲ್ಲ. ಅದಕ್ಕೆ ಫೋಮ್ ತೆಗೆದು, ನೀರು ಹಿಡಿಯದ ಸಣ್ಣ ಕಣ್ಣಿನ ಬಲೆ ಹಾಕುವುದು. ಇದಕ್ಕೆಂದೇ ಮಾಡಿದ ಇನ್‌ಟೇಕ್ ಸಿಗುತ್ತವೆ, ಗಾಳಿಯನ್ನು ಸೀಟಿನ ಕೆಳಗಿನಿಂದಲ್ಲದೆ ಮೇಲಿನಿಂದ, ಟ್ಯಾಂಕಿನ ಹತ್ತಿರದಿಂದ ಎಳೆದುಕೊಳ್ಳುವಂಥವು. ಬಲೆ ದೊಡ್ಡದಾಗಿದ್ದಷ್ಟೂ ಒಳ್ಳೆಯದು, ಯಾಕೆಂದರೆ ಅರ್ಧ ಮುಚ್ಚಿದರೂ ಉಳಿದರ್ಧದಲ್ಲಿ ಉಸಿರಾಡಬಹುದು. ಏರ್ ಬಾಕ್ಸಿನ ಪಕ್ಕದ ಕಿಂಡಿಗಳನ್ನು ಮುಚ್ಚಿ, ಟ್ರ್ಯಾಕ್ ಎಸೆಯುವ ಹಿಮ ಒಳಗೆ ಬರುವುದು ಅಲ್ಲಿಂದಲೇ. ಮೇ ತಿಂಗಳಲ್ಲಿ ಚಕ್ರ ವಾಪಸ್ ಹಾಕುವಾಗ ಫೋಮನ್ನೂ ವಾಪಸ್ ಹಾಕುವುದು ಮರೆಯಬೇಡಿ. ಮರೆತು ಒಂದು ದಿನ ಮಣ್ಣಿನಲ್ಲಿ ಓಡಿಸಿದರೆ ಪಿಸ್ಟನ್ ರಿಂಗ್ ಕಥೆ ಮುಗಿಯಿತು.

ಥ್ರಾಟಲ್ ಕೇಬಲ್ ಒಳಗೆ ನೀರು ಹೋಗಿ ಹೆಪ್ಪುಗಟ್ಟಿದರೆ ಥ್ರಾಟಲ್ ತೆರೆದಲ್ಲೇ ನಿಲ್ಲುತ್ತದೆ. ಇದು ತಮಾಷೆ ಅಲ್ಲ. ಕೈಗೆ ಕಟ್ಟಿಕೊಳ್ಳುವ ದಾರದ ಕಿಲ್ ಸ್ವಿಚ್ ಹಾಕಿಸಿ, ಬಿದ್ದ ಕೂಡಲೇ ಎಂಜಿನ್ ನಿಲ್ಲಬೇಕು. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಥ್ರಾಟಲ್ ಒಮ್ಮೆ ತಿರುಗಿಸಿ ಬಿಟ್ಟು ನೋಡಿ, ಟಪ್ ಅಂತ ವಾಪಸ್ ಬರಬೇಕು.

ಇನ್ನು ಟರ್ಬೊ. 3000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ. 70ರಷ್ಟು. ಪವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಇಂಜೆಕ್ಷನ್ ಇದ್ದರೆ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಹೊಂದಿಸುತ್ತದೆ, ಇಲ್ಲದ ಗಾಳಿಯನ್ನು ತರುವುದಿಲ್ಲ. ಆದರೆ ಚಳಿ ಸ್ವಲ್ಪ ವಾಪಸ್ ಕೊಡುತ್ತದೆ, 30 ಡಿಗ್ರಿಯ ಗಾಳಿಗಿಂತ ಮೈನಸ್ 15ರ ಗಾಳಿ ಸುಮಾರು ಶೇ. 17 ದಟ್ಟ. 450 ಅಷ್ಟಕ್ಕೆ ಸಾಕು. ಟರ್ಬೊ ಹಾಕಿದವರ ಏರು ನೋಡೋಕೆ ಚೆಂದ, ನಿಜ. ಆದರೆ ನಿಮ್ಮ ಎಂಜಿನ್ ಇನ್ನೂ ಸರಿಯಾಗಿ ಬಿಸಿಯಾಗುವುದನ್ನೇ ಕಲಿತಿಲ್ಲ. ಪವರ್ ಸಾಲದು ಅನ್ನಿಸಿದರೆ ಮೊದಲು ಸ್ಪ್ರಾಕೆಟ್ ನೋಡಿ. ಮುಂದಿನದ್ದರಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಪುಡಿ ಹಿಮದಲ್ಲಿ ಕ್ಲಚ್ ಅಷ್ಟೊಂದು ಜಾರಿಸಬೇಕಾಗಿಲ್ಲ. ಟ್ರ್ಯಾಕ್ ತಿರುಗಿಸುವುದು ಚಕ್ರ ತಿರುಗಿಸಿದ ಹಾಗಲ್ಲ, ಕ್ಲಚ್ ಪ್ಲೇಟು ಬೇಗ ಸುಟ್ಟುಹೋಗುತ್ತವೆ.

ಟೂ ಸ್ಟ್ರೋಕಿನವರು ಯಾರಾದರೂ ಓದುತ್ತಿದ್ದರೆ: ಕಾರ್ಬ್ (ಕಾರ್ಬ್ಯುರೇಟರ್) ಇದ್ದರೆ ಚಳಿಗೆ ಜೆಟ್, ಅಂದರೆ ಪೆಟ್ರೋಲ್ ಬಿಡುವ ತೂತು, ದೊಡ್ಡದು ಬೇಕು, ಎತ್ತರಕ್ಕೆ ಸಣ್ಣದು ಬೇಕು. ಕೆಳಗಿನಿಂದ ಮೇಲಕ್ಕೆ ಒಂದೇ ದಿನ ಹೋಗುವವರು ದೇವರನ್ನು ನಂಬಿಕೊಂಡು ಹೋಗಿ.

ಓರೆದಾರಿ

ಫೋರ್ಕ್ ಬಗ್ಗೆ ಕೇಳಿದ್ದು ಹಾಗೇ ಉಳಿದಿದೆಯಲ್ಲ, ನಾನು ಹೇಳುತ್ತೇನೆ.

ಮಣ್ಣಿನ ಸೆಟ್ಟಿಂಗ್ ನಡೆಯುವುದಿಲ್ಲ ತಮ್ಮಾ. ಟಯರಿನ ಗಾಳಿ ಒಂದು ಸಣ್ಣ ಸಸ್ಪೆನ್ಷನ್ನೇ, ಸ್ಕೀಗೆ ಅದಿಲ್ಲ. ಮೇಲಾಗಿ ಬೈಕು ಈಗ ಒಬ್ಬ ಹುಡುಗನನ್ನು ಹಿಂದೆ ಕೂರಿಸಿಕೊಂಡಷ್ಟು ಭಾರ. ಸ್ಪ್ರಿಂಗ್ ಒಂದೆರಡು ಹಂತ ಗಟ್ಟಿಯದು ಹಾಕಿಸು, ಇಲ್ಲದಿದ್ದರೆ ಇಳಿಜಾರಿನಲ್ಲಿ ಮೂಗು ಕೆಳಗೆ ಹಾಕಿ ನಿನ್ನನ್ನು ಮುಂದಕ್ಕೆ ಎಸೆಯುತ್ತದೆ. ಫೋರ್ಕಿನ ಕೊಳವೆಗೆ ನಿಯೋಪ್ರೀನ್ ಚೀಲ ಹಾಕು. ಅಲ್ಲಿ ಕೂತ ಮಂಜುಗಡ್ಡೆ ಪ್ರತಿ ಸಲ ಫೋರ್ಕ್ ಒಳಗೆ ಹೋದಾಗಲೂ ಸೀಲನ್ನು ಕೆರೆಯುತ್ತದೆ.

ಮುಂದಿನ ಬ್ರೇಕ್ ಏನು ಮಾಡಿದೆ? ಡಿಸ್ಕ್ ಇಲ್ಲ, ಕ್ಯಾಲಿಪರ್ ಮಾತ್ರ ನೇತಾಡುತ್ತಿದ್ದರೆ ಅಭ್ಯಾಸಬಲದಿಂದ ಒಂದಲ್ಲ ಒಂದು ಸಲ ಲಿವರ್ ಎಳೆಯುತ್ತೀಯ, ಪಿಸ್ಟನ್ ಆಚೆ ಬರುತ್ತದೆ. ಪ್ಯಾಡುಗಳ ನಡುವೆ ಒಂದು ತುಂಡು ಇಟ್ಟು ಭದ್ರ ಮಾಡು ಅಥವಾ ಪೂರ್ತಿ ತೆಗೆದಿಡು. ಹಿಂದಿನ ಬ್ರೇಕ್ ಕಿಟ್ಟಿನದ್ದು. ಅದರ ಹೋಸ್ ಉದ್ದ, ಗಾಳಿ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ, ಚೆನ್ನಾಗಿ ಬ್ಲೀಡ್ ಮಾಡಿ ಗಾಳಿ ತೆಗೆ. ಸೆಕೆಂಡ್ ಹ್ಯಾಂಡ್ ಅಂದೆಯಲ್ಲ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ನೀರು ಕುಡಿದಿರುತ್ತದೆ, ಅದನ್ನೂ ಬದಲಾಯಿಸು.

ಸೆಕೆಂಡ್ ಹ್ಯಾಂಡಿನ ಬಗ್ಗೆ ಇನ್ನೊಂದು ಮಾತು. ಕಿಟ್ ಒಂದೇ ಇದ್ದರೂ ಬೈಕಿಗೆ ಜೋಡಿಸುವ ಫಿಟ್ ಕಿಟ್ ಪ್ರತಿ ಮಾಡೆಲಿಗೂ, ಎಷ್ಟೋ ಸಲ ವರ್ಷಕ್ಕೂ ಬೇರೆ. ಅಮೆರಿಕದ ಐಡಾಹೊದಲ್ಲಿ ಹುಟ್ಟಿದ ಟಿಂಬರ್‌ಸ್ಲೆಡ್ಡನ್ನು 2015ರಲ್ಲಿ ಪೊಲಾರಿಸ್ ಕೊಂಡ ಮೇಲೆ ಈ ಆಟ ಜನರಿಗೆ ಹತ್ತಿತು, ಅಲ್ಲಿಂದ ಈಚೆಗೆ ಎಷ್ಟು ಥರದ ಕಿಟ್ ಬಂದಿವೆಯೋ. ನಿನಗೆ ಕೊಟ್ಟವರು ಬೇರೆ ಬೈಕಿನಿಂದ ಬಿಚ್ಚಿದ ಫಿಟ್ ಕಿಟ್ ಕೊಟ್ಟಿದ್ದರೆ ಬೋಲ್ಟ್ ಕೂರುತ್ತದೆ, ಚೈನಿನ ಸಾಲು ಮಾತ್ರ ಎರಡು ಮೂರು ಮಿಲಿಮೀಟರ್ ಆಚೀಚೆ. ಎಂಜಿನ್ನಿನ ಸ್ಪ್ರಾಕೆಟ್ಟಿನಿಂದ ಜ್ಯಾಕ್‌ಶಾಫ್ಟಿಗೆ (ಪವರನ್ನು ಟ್ರ್ಯಾಕಿಗೆ ದಾಟಿಸುವ ನಡುವಿನ ದಂಡ) ಹೋಗುವ ಚೈನು ಗಿಡ್ಡ, ಅಷ್ಟು ಸೊಟ್ಟವನ್ನೂ ತಡೆಯುವುದಿಲ್ಲ. ನೇರವಾದ ಪಟ್ಟಿ ಇಟ್ಟು ನೋಡು.

ಟ್ರ್ಯಾಕಿನ ಬಿಗಿ ಮ್ಯಾನ್ಯುಯಲ್ ಹೇಳಿದಷ್ಟೇ ಇರಲಿ. ಬಿಗಿ ಜಾಸ್ತಿ ಆದರೆ ಪವರ್ ತಿನ್ನುತ್ತದೆ, ಬೇರಿಂಗ್ ಹಾಳು. ಸಡಿಲ ಆದರೆ ಒಳಗೆ ಕಟಕಟ ಅಂತ ಹಲ್ಲು ಹಾರುತ್ತದೆ, ಸದ್ದು ಕೇಳಿದರೆ ತಕ್ಷಣ ನಿಲ್ಲಿಸು. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿಗೆ ಹಿಮವೇ ಎಣ್ಣೆ, ಹಿಮವೇ ನೀರು. ಗಟ್ಟಿ ಐಸಿನ ದಾರಿಯಲ್ಲಿ ಎರಡು ಕಿಲೋಮೀಟರ್ ಜೋರಾಗಿ ಹೋದರೆ ಕರಗಿ ಅಂಟುತ್ತವೆ. ಅಂಥ ದಾರಿ ಇದ್ದರೆ ಐಸ್ ಕೆರೆಯುವ ಸ್ಕ್ರ್ಯಾಚರ್ ಹಾಕಿಸು, ಅಥವಾ ಪಕ್ಕದ ಮೆತ್ತನೆ ಹಿಮಕ್ಕೆ ಆಗಾಗ ಇಳಿ.

ಕಡಿದಾದ ಏರಿಗೆ ಬಹಳ ಜನ ಮುಟ್ಟದೆ ಬಿಡುವುದು ಲಿಮಿಟರ್ ಸ್ಟ್ರ್ಯಾಪ್. ಟ್ರ್ಯಾಕಿನ ಒಳಗೆ ಮುಂಭಾಗದಲ್ಲಿರುವ ಪಟ್ಟಿ. ಬಿಗಿ ಮಾಡಿದರೆ ಭಾರ ಸ್ಕೀ ಮೇಲೆ ಬೀಳುತ್ತದೆ, ತಿರುವು ಚೆನ್ನಾಗಿ ಕೇಳುತ್ತದೆ, ಏರಿನಲ್ಲಿ ಮೂಗು ಎತ್ತುವುದಿಲ್ಲ. ಸಡಿಲ ಬಿಟ್ಟರೆ ಭಾರ ಹಿಂದಕ್ಕೆ, ಪುಡಿ ಹಿಮದಲ್ಲಿ ಮೂಗು ಮೇಲೆದ್ದು ತೇಲುತ್ತದೆ, ಆದರೆ ಏರಿನಲ್ಲಿ ಮೇಲೆ ಬಿದ್ದೀತು. ಒಂದೊಂದೇ ತೂತು ಬದಲಾಯಿಸಿ ಅದೇ ಏರನ್ನು ಮತ್ತೆ ಹತ್ತಿ ನೋಡು. ಒಂದು ಬೆಳಿಗ್ಗೆ ಇದಕ್ಕೇ ಇಟ್ಟುಬಿಡು, ಸ್ಪ್ಯಾನರ್ ಜೇಬಿನಲ್ಲಿರಲಿ.

129 ಒಳ್ಳೆಯ ಆಯ್ಕೆ. 120 ಮರಗಳ ನಡುವೆ ಚುರುಕು, 137 ಆಳದ ಹಿಮದಲ್ಲಿ ತೇಲುತ್ತದೆ, ನಿನ್ನದು ನಡುವಿನದ್ದು. ಮೊದಲ ಒಂದು ಗಂಟೆ ಓಡಿಸಿದ ಮೇಲೆ ಎಲ್ಲ ಬೋಲ್ಟು ಮತ್ತೆ ಬಿಗಿ ಮಾಡು. ಬೋಲ್ಟಿನ ತಲೆಯ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಮಣ್ಣುಚಕ್ರ

ಗ್ರೀಸ್‌ಕೈ ಅಣ್ಣಾ, ಪಂದ್ಯ ನೀವೇ ಗೆದ್ದಿರಿ. ಆಯಿಲ್ ಇಳಿಸಿದೆ, ಪೆಟ್ರೋಲ್ ಬಂಕಿನ ವಾಸನೆ. ಕೂಲಂಟ್ ಒಂದು ಹನಿ ಕಡಿಮೆ ಆಗಿಲ್ಲ. ಸ್ಟಾರ್ಟ್ ಮಾಡಬೇಡ ಅಂದಿದ್ದಕ್ಕೆ ಹೊಸ ಆಯಿಲ್ ಹಾಕಿದ ಮೇಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ, ಗುಳ್ಳೆಯೂ ಇಲ್ಲ. ಬೈಪಾಸ್ ಇರುವ ಥರ್ಮೋಸ್ಟಾಟ್ ಆರ್ಡರ್ ಮಾಡಿದ್ದೇನೆ.

ಓರೆದಾರಿ ಅಕ್ಕಾ, ಚೈನಿನ ಸಾಲು ನೋಡಿದೆ. ಎರಡು ಮಿಲಿಮೀಟರ್ ಅಲ್ಲ, ನಾಲ್ಕು ಆಚೆ ಇದೆ! ಅಲ್ಲಿ ಒಂದು ವಾಷರ್ ನಾನೇ ತಪ್ಪು ಪಕ್ಕಕ್ಕೆ ಹಾಕಿದ್ದೆ. ಫಿಟ್ ಕಿಟ್ ಸರಿಯಾಗಿಯೇ ಇದೆ. ಫೋರ್ಕ್ ಸ್ಪ್ರಿಂಗಿಗೆ ಹೇಳಿದ್ದೇನೆ.

ಇನ್ನೊಂದು ಪ್ರಶ್ನೆ, ಬಿಸಿ ಹಿಡಿಕೆ ಹಾಕಿಸಬೇಕು ಅಂತಿದ್ದೇನೆ, ಬ್ಯಾಟರಿ ತಡೆಯುತ್ತದಾ? ಲಿಥಿಯಂ ಬ್ಯಾಟರಿ, ಬೆಳಿಗ್ಗೆ ಮೊದಲ ಸಲ ಸತ್ತ ಹಾಗೆ ತಿರುಗುತ್ತದೆ, ಎರಡನೇ ಸಲ ಪರವಾಗಿಲ್ಲ.

ಗ್ರೀಸ್‌ಕೈ

ಲಿಥಿಯಂ ಬ್ಯಾಟರಿ ಹಾಗೇ. ಚಳಿಯಲ್ಲಿ ಅದಕ್ಕೆ ನಿದ್ದೆ ಜಾಸ್ತಿ. ಒಂದೆರಡು ಸೆಕೆಂಡ್ ಸೆಲ್ಫ್ ಒತ್ತಿ ಬಿಡು, ಒಂದು ನಿಮಿಷ ಕಾಯಿ, ಮತ್ತೆ ಒತ್ತು. ಕರೆಂಟು ಓಡಿದಾಗ ಅದೇ ಒಳಗಿನಿಂದ ಬಿಸಿಯಾಗುತ್ತದೆ. ರಾತ್ರಿ ಬಿಚ್ಚಿ ಮನೆಯೊಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನಿನಗೆ ಕಿಕ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ, ಇದ್ದಿದ್ದರೂ ಸೊಂಟದವರೆಗೆ ಹಿಮದಲ್ಲಿ ನಿಂತು ಕಿಕ್ ಹೊಡೆಯೋಕೆ ಕಾಲೂರಲು ನೆಲ ಎಲ್ಲಿರುತ್ತದೆ?

ಹಿಡಿಕೆ ಹಾಕಿಸುವ ಮೊದಲು ನಿನ್ನ ಬೈಕಿನ ಸ್ಟೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಎಷ್ಟು ವ್ಯಾಟ್ ಕೊಡುತ್ತದೆ ಅಂತ ನೋಡು. ಮೋಟೋಕ್ರಾಸ್ ಬೈಕಿಗೆ ಹೆಡ್‌ಲೈಟೇ ಇಲ್ಲ, ಸ್ಟೇಟರ್ ಇಂಜೆಕ್ಷನ್ನಿಗೆ ಮತ್ತು ಬ್ಯಾಟರಿಗೆ ಅಂತಲೇ ಅಳೆದು ಕೊಟ್ಟಿರುತ್ತಾರೆ. ನಿಧಾನವಾಗಿ ಮರಗಳ ನಡುವೆ ಹೋಗುವಾಗ ಆರ್‌ಪಿಎಂ ಕಡಿಮೆ, ಆಗ ಹಿಡಿಕೆ ಬ್ಯಾಟರಿಯನ್ನೇ ತಿನ್ನುತ್ತದೆ. ವೋಲ್ಟ್ ತೋರಿಸುವ ಮೀಟರ್ ಒಂದು ಹಾಕು, 13ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ ಹಿಡಿಕೆ ಆಫ್. ಗಾಳಿ ತಡೆಯುವ, ಒಳಗೆ ಕೈ ತೂರಿಸುವಂಥ ದೊಡ್ಡ ಚೀಲ ಹ್ಯಾಂಡಲಿಗೆ ಕಟ್ಟಿದರೆ ಅರ್ಧ ಚಳಿ ಅಲ್ಲೇ ನಿಲ್ಲುತ್ತದೆ, ಕರೆಂಟೂ ಬೇಡ.

ಬಿಳಿಗೆರೆ

ಇಷ್ಟು ಉದ್ದ ಮಾತು ನಡೆದಿದೆ, ಹಿಮಕುಸಿತದ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಸ್ವಲ್ಪ ಕೋಪದಿಂದಲೇ ಬರೆಯುತ್ತಿದ್ದೇನೆ, ಕ್ಷಮಿಸಿ.

3000 ಮೀಟರ್, ಪುಡಿ ಹಿಮ, ಕಡಿದಾದ ಏರು ಅಂತ ಬರೆದಿದ್ದೀರಿ. ಹೆಚ್ಚಿನ ಹಿಮಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ನೋ ಬೈಕಿಗೆ ಮಜಾ ಇರುವುದೂ ಅದೇ ಇಳಿಜಾರಿನಲ್ಲಿ. ಅಗಲದ ಸ್ನೋಮೊಬೈಲ್ ನುಗ್ಗದ ಸಂದಿಗೂ ಈ ಬೈಕು ನುಗ್ಗುತ್ತದೆ, ಓರೆ ಇಳಿಜಾರಿನಲ್ಲಿ ಸರಾಗವಾಗಿ ಸಾಗುತ್ತದೆ, ಹಾಗಾಗಿ ಮಣ್ಣಿನಿಂದ ಬಂದವರು ಎರಡನೇ ವಾರಕ್ಕೇ ಅನುಭವಿಗಳು ಹೋಗದ ಜಾಗದಲ್ಲಿರುತ್ತಾರೆ. ಓಡಿಸುವ ಕೈ ಬೇಗ ಪಳಗುತ್ತದೆ, ಹಿಮ ಓದುವ ಕಣ್ಣು ಅಷ್ಟು ಬೇಗ ಬರುವುದಿಲ್ಲ.

ಬೀಕನ್ (ಹೂತವರನ್ನು ಪತ್ತೆ ಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ. ಮೂರೂ ಪ್ರತಿಯೊಬ್ಬರ ಹತ್ತಿರ, ಮೈಮೇಲೆ. ಸಲಿಕೆ ಬೈಕಿನ ಟನಲಿಗೆ ಕಟ್ಟಿದ್ದರೆ, ಬೈಕು ಹಿಮದಡಿ ಹೋದಾಗ ಸಲಿಕೆಯೂ ಅದರ ಜೊತೆ ಹೋಯಿತು. ಹೂತವರನ್ನು ಮೊದಲ 10–15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಬಹಳ ಜಾಸ್ತಿ, ಅದಾದ ಮೇಲೆ ಸರ್ರನೆ ಇಳಿಯುತ್ತದೆ. ಸಹಾಯಕ್ಕೆ ಫೋನ್ ಮಾಡಿ ಯಾರೋ ಬರುವಷ್ಟು ಹೊತ್ತು ಅದಲ್ಲ. ನಿಮ್ಮನ್ನು ತೆಗೆಯಬೇಕಾದವರು ನಿಮ್ಮ ಜೊತೆ ಬಂದವರೇ. ಅವರಿಗೆ ಬೀಕನ್ ಹಿಡಿದು ಹುಡುಕೋಕೆ ಬರುತ್ತದಾ? ಒಂದು ಚೀಲದಲ್ಲಿ ಬೀಕನ್ ಹೂತು ಹುಡುಕಿಸಿ ನೋಡಿ. ಮೊದಲ ಸಲ ನನ್ನ ಗೆಳೆಯರು ತಗೊಂಡಿದ್ದು 19 ನಿಮಿಷ. ಅವತ್ತು ನಾವು ಬೆಟ್ಟಕ್ಕೆ ಹೋಗಲಿಲ್ಲ.

ಬಿಸಿ ಹಿಡಿಕೆಯ ಮಾತು ಬಂತಲ್ಲ, ಅಲ್ಲೇ ಒಂದು ವಿಷಯ. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಕರೆಂಟು ಓಡುವ ವಸ್ತು ಹತ್ತಿರ ಇದ್ದರೆ ಗೊಂದಲ ಆಗುತ್ತದೆ. ಫೋನು, ಬಿಸಿ ಜಾಕೆಟ್, ಕ್ಯಾಮೆರಾ ಇಂಥವು ಸಾಮಾನ್ಯವಾಗಿ ಬೀಕನ್ನಿನಿಂದ 20 ಸೆಂಟಿಮೀಟರ್ ದೂರ ಇರಬೇಕು, ಹುಡುಕುವಾಗ 50. ಹುಡುಕೋಕೆ ಇಳಿದರೆ ಎಂಜಿನ್ ಆಫ್ ಮಾಡಿ, ಬೈಕಿನಿಂದ ದೂರ ಬನ್ನಿ.

ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಒಬ್ಬರು ಸಿಕ್ಕಿಕೊಂಡರೆ ಅವರಿಗೆ ಸಹಾಯ ಮಾಡೋಕೆ ಅಂತ ಇನ್ನೊಬ್ಬರು ಅದೇ ಇಳಿಜಾರು ಹತ್ತುವುದು ಬೇಡ, ಹಾಗೇ ಇಬ್ಬರೂ ಹೋಗುತ್ತಾರೆ. ನಿಂತು ನೋಡುವವರು ಹಿಮ ಬಂದು ಬೀಳುವ ತಳದಲ್ಲಿ ನಿಲ್ಲಬಾರದು. ಮರಗಳ ನಡುವೆ ಹೋಗುವಾಗ ಬುಡದ ಸುತ್ತಲಿನ ಗುಳಿ ಗಮನಿಸಿ. ಕೆಳಗಿನ ಕೊಂಬೆ ಹಿಮವನ್ನು ತಡೆಯುವುದರಿಂದ ಬುಡದಲ್ಲಿ ಟೊಳ್ಳು ಇರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರೋಕೆ ಆಗುವುದಿಲ್ಲ. ಕಣ್ಣಿಗೆ ಕಾಣುವ ಹಾಗೇ ಜೊತೆಯವರು ಇರಬೇಕು. ಹೊರಡುವ ದಿನ ಬೆಳಿಗ್ಗೆ ಆ ಭಾಗದ ಹಿಮಕುಸಿತ ಮುನ್ಸೂಚನೆ ಓದಿ, ಓದಿ ಅರ್ಥ ಆಗದಿದ್ದರೆ ಮೊದಲು ಒಂದು ಕೋರ್ಸ್ ಮಾಡಿ. ಥರ್ಮೋಸ್ಟಾಟ್ ಬರುವವರೆಗೆ ಸಮಯ ಇದೆಯಲ್ಲ.

ಹಳೇಕಾರ್ಬ್

ಬಿಳಿಗೆರೆ ಸರ್ ಬೈದಿದ್ದು ಸರಿ. ನಾನೇ ಮೊದಲು ಹೇಳಬೇಕಿತ್ತು.

ಒಂದು ಸಣ್ಣ ಸೇರ್ಪಡೆ: ಮೋಟೋಕ್ರಾಸ್ ಟ್ಯಾಂಕು ಹಿಡಿಯುವುದು ಆರೇಳು ಲೀಟರ್. ಪುಡಿ ಹಿಮದಲ್ಲಿ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಟನಲ್ ಮೇಲೆ ಒಂದು ಕ್ಯಾನ್ ಕಟ್ಟಿಕೊಳ್ಳಿ, ಅರ್ಧ ಖಾಲಿ ಆದಾಗ ವಾಪಸ್ ತಿರುಗಿ.

ಮಣ್ಣುಚಕ್ರ

ಮೂರು ವಾರದ ಮೇಲೆ ವಾಪಸ್ ಬಂದಿದ್ದೇನೆ. ಥರ್ಮೋಸ್ಟಾಟ್ ಕೂರಿಸಿ ಮೂರು ಸಲ ಓಡಿಸಿದೆ. ಮೀಟರ್ 76–82ರ ನಡುವೆಯೇ ಇದೆ, ಮೈನಸ್ 15ರಲ್ಲೂ. ಆಯಿಲ್ ಕಿಂಡಿ ಸ್ವಚ್ಛ. ಕೆಮ್ಮು ಪೂರ್ತಿ ಹೋಗಿದೆ, ಇದೇ ಬೈಕಾ ಅನ್ನಿಸಿತು. ಬಲೆ ಫಿಲ್ಟರ್ ಹಾಕಿದೆ. ಟರ್ಬೊ ಆಸೆ ಬಿಟ್ಟಿಲ್ಲ, ಆದರೆ ಈ ವರ್ಷ ಬೇಡ.

ಬಿಳಿಗೆರೆ ಸರ್, ಎರಡು ದಿನದ ಕೋರ್ಸಿಗೆ ಹೆಸರು ಕೊಟ್ಟಿದ್ದೇವೆ, ಜೊತೆಯ ಇಬ್ಬರೂ ಬರುತ್ತಿದ್ದಾರೆ. ಬೀಕನ್ ಹುಡುಕಿಸಿ ನೋಡಿದೆವು, ಮೊದಲ ಸಲ 23 ನಿಮಿಷ ಆಯಿತು ಸರ್. ನಿಮಗಿಂತ ಕಡೆ. ಈಗ 6ಕ್ಕೆ ಬಂದಿದೆ. ಕೋರ್ಸ್ ಮುಗಿಯುವವರೆಗೆ ಸಮತಟ್ಟಾದ ಜಾಗದಲ್ಲೇ ಓಡಿಸುತ್ತಿದ್ದೇವೆ.

ಒಂದೇ ತೊಂದರೆ ಉಳಿದಿದೆ. ಗಟ್ಟಿ ದಾರಿಯಲ್ಲಿ ಹೋಗುವಾಗ ಸ್ಕೀ ಹಳೆಯ ಗೆರೆಗಳನ್ನು ಹಿಡಿದುಕೊಂಡು ತನ್ನಿಷ್ಟಕ್ಕೆ ಎಡಕ್ಕೆ ಬಲಕ್ಕೆ ಎಳೆಯುತ್ತದೆ. ಕೈ ನೋಯುವಷ್ಟು. ಪುಡಿ ಹಿಮದಲ್ಲಿ ಏನೂ ಇಲ್ಲ.

ಓರೆದಾರಿ

ಗಟ್ಟಿ ದಾರಿಯಲ್ಲಿ ಒಂಟಿ ಸ್ಕೀ ಸ್ವಲ್ಪ ಹಾಗೇ ತಮ್ಮಾ, ಪೂರ್ತಿ ಹೋಗುವುದಿಲ್ಲ. ಸ್ಕೀ ಕೆಳಗಿನ ಕಬ್ಬಿಣದ ರನ್ನರ್ ಮುಟ್ಟಿ ನೋಡು, ಸೆಕೆಂಡ್ ಹ್ಯಾಂಡ್ ಕಿಟ್ ಅಲ್ವಾ, ಒಂದು ಬದಿ ಸವೆದಿರುತ್ತದೆ. ಹಾಗಿದ್ದರೆ ಬದಲಾಯಿಸು. ಸ್ಕೀ ಕೂರಿಸುವ ಬೋಲ್ಟಿನಲ್ಲಿ ಆಟ ಇದೆಯಾ ಅಂತಲೂ ಅಲ್ಲಾಡಿಸಿ ನೋಡು. ಎರಡೂ ಸರಿ ಇದ್ದರೆ ಲಿಮಿಟರ್ ಸ್ಟ್ರ್ಯಾಪ್ ಒಂದು ತೂತು ಸಡಿಲ ಮಾಡು, ಸ್ಕೀ ಮೇಲಿನ ಭಾರ ಕಡಿಮೆ ಆದರೆ ಗೆರೆ ಹಿಡಿಯುವುದೂ ಕಡಿಮೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಜಗಳ ಆಡಬೇಡ, ಮಣ್ಣಿನಲ್ಲಿ ಮರಳು ಬಂದಾಗ ಮಾಡುತ್ತೀಯಲ್ಲ, ಹಾಗೇ ಎದ್ದು ನಿಂತು ಮಂಡಿಯಲ್ಲಿ ಬೈಕು ಹಿಡಿದು ಮುಂದೆ ಸ್ವಲ್ಪ ಅಲ್ಲಾಡಲು ಬಿಡು.

ರನ್ನರಿನ ಫೋಟೊ ಹಾಕು, ನೋಡಿ ಹೇಳುತ್ತೇನೆ.